ಊರ ತೋಟಕ್ಕೆ ಕೊಡಲಿಯೇಕೆ, ವಿಷವೇಕೆ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಗಡಿನಾಡಿನ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಕನ್ನಡದ ಉಪಾಧ್ಯಾಯನೊಬ್ಬನಿಗೆ ಮಾತನಾಡಲು ಅವಕಾಶವಿತ್ತರೆ, ಆತನು ಭಾಷೆಯನ್ನು ಕುರಿತೋ ಸಾಹಿತ್ಯವನ್ನು ಕುರಿತೋ ನಾಲ್ಕು ಮಾತು ಆಡುವನೆಂದು ಸಭೆಯು ನಿರೀಕ್ಷಿಸುವುದು ಸಹಜ. ನಾನು ಇಂದು ಆರಿಸಿಕೊಂಡಿರುವ ವಿಷಯವಾದರೋ ಊರ ಉದ್ಯಾನದ ಮರ ಮತ್ತು ಆ ಮರದ ಬುಡದಲ್ಲಿ ಬೆಳೆಯುವ ಹುಲ್ಲು. ಪಂಡಿತರಿಗೆ ವ್ಯಾಕರಣವು ಮುಗಿದುಹೋಯಿತೇ ಎಂದು ಕೆಲವರು ನಗಬಹುದು. ಆದರೆ ಈ ವಿಷಯಕ್ಕೂ ಈ ಸಂಘಕ್ಕೂ ಹತ್ತಿರದ ಸಂಬಂಧವಿದೆಯೆಂಬುದೇ ನನ್ನ ಬಿನ್ನಹ. ಸಂಬಂಧವು ಕಾಣದಿದ್ದರೆ ಕಡೆಯಲ್ಲಿ ನಗುವುದಕ್ಕೆ ಅವಕಾಶವಿದ್ದೇ ಇದೆ.

ನಮ್ಮ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಪ್ರತಿಯೊಂದು ಮರಕ್ಕೂ ಎರಡು ಹೆಸರು. ಮನೆಯಲ್ಲಿ ಬೇವು, ಪೇಟೆಯಲ್ಲಿ ಲಿಂಬ. ಮನೆಯಲ್ಲಿ ಆಲ, ಪೇಟೆಯಲ್ಲಿ ವಡ. ಮನೆಯಲ್ಲಿ ಹುಣಸೆ, ಪೇಟೆಯಲ್ಲಿ ಚಿಂಚ. ಉದಗೀರದ ಕೆಲವು ಓಣಿಗಳಲ್ಲಿ ಉರ್ದುವಿನ ಮೂರನೆಯ ಹೆಸರೂ ಕಿವಿಗೆ ಬೀಳುತ್ತದೆ. ಹೆಸರುಗಳು ಎಷ್ಟಿದ್ದರೂ ನೆರಳು ಒಂದೇ. ೧೯೫೬ರ ನವೆಂಬರ್ ೧ರವರೆಗೆ ನಿಲಂಗಾ, ಉದಗೀರಗಳು ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು. ಆ ಮೇಲೆ ಮುಂಬಯಿ ರಾಜ್ಯಕ್ಕೂ ೧೯೬೦ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದವು. ೧೯೮೨ರಿಂದ ಲಾತೂರು ಜಿಲ್ಲೆಯಲ್ಲಿವೆ. ಉಮರ್ಗಾ ಇರುವ ಉಸ್ಮಾನಾಬಾದ ಜಿಲ್ಲೆಯು ೨೦೨೩ರಲ್ಲಿ ಧಾರಾಶಿವವಾಯಿತು. ಸರಹದ್ದಿನ ಗೆರೆಗಳು ಹೀಗೆ ಅತ್ತಿತ್ತ ಸರಿಯುತ್ತಿದ್ದಾಗಲೂ ಹಳೆಯ ಮರಗಳು ತಮ್ಮ ಸ್ಥಳದಿಂದ ಕದಲಲಿಲ್ಲ. ನಮ್ಮ ಹಾಗೆಯೇ ಅವು ಕೂಡ ಎಲ್ಲಿಗೂ ವಲಸೆ ಹೋಗದೆ, ನಿಂತಲ್ಲಿಯೇ ರಾಜ್ಯವನ್ನು ಬದಲಾಯಿಸಿಕೊಂಡವು.

ಈ ಸೀಮೆಯ ಭೂಗುಣವನ್ನು ನಿಮಗೆ ನಾನು ತಿಳಿಸಬೇಕಾದುದಿಲ್ಲ. ಎರೆಭೂಮಿ, ಜೋಳ, ತೊಗರಿ, ಸೋಯಾ. ಮಳೆ ಬಂದರೆ ಕೆಸರು, ಬಾರದಿದ್ದರೆ ಬಿರುಕು. ಲಾತೂರು ಜಿಲ್ಲೆ ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಅರಣ್ಯವುಳ್ಳ ಜಿಲ್ಲೆಗಳಲ್ಲೊಂದು. ೨೦೧೬ರ ಏಪ್ರಿಲ್‌ನಲ್ಲಿ ಲಾತೂರು ನಗರಕ್ಕೆ ಮೀರಜದಿಂದ ಸುಮಾರು ೩೪೦ ಕಿಲೋಮೀಟರು ದೂರ ರೈಲುಗಾಡಿಯಲ್ಲಿ ಕುಡಿಯುವ ನೀರು ಬಂದುದನ್ನು ಇಲ್ಲಿಯ ಹಿರಿಯರೆಲ್ಲರೂ ಕಂಡಿದ್ದೀರಿ. ಕಾಡು ಇಲ್ಲದ ಇಂತಹ ನಾಡಿನಲ್ಲಿ ಪುರಸಭೆಯ ಒಂದೆರಡು ಎಕರೆಯ ಉದ್ಯಾನವೇ ಊರಿಗೆ ಕಾಡು. ಬಡವರ ಮಕ್ಕಳಿಗೆ ಅದೇ ಅಂಗಳ. ಚೈತ್ರ ವೈಶಾಖದ ಬಿಸಿಲಿನಲ್ಲಿ ಸಂತೆಗೆ ಬಂದವರಿಗೆ ಅದೇ ಛತ್ರ.

ಇಂತಹ ತೋಟಕ್ಕೆ ಈಗ ಎರಡು ಕಡೆಯಿಂದ ಅಪಾಯ ಬಂದಿದೆ. ಒಂದು ಕೊಡಲಿ, ಇನ್ನೊಂದು ಪಂಪು. ಕೊಡಲಿಯದು ಸದ್ದು ಮಾಡಿ ಬರುವ ಅಪಾಯ. ಪಂಪಿನದು ಸದ್ದಿಲ್ಲದೆ ಬರುವ ಅಪಾಯ. ಎರಡೂ ಬರುವುದು "ಸುಧಾರಣೆ" ಎಂಬ ಒಂದೇ ಹೆಸರಿನಿಂದ.

ಮೊದಲು ಕೊಡಲಿಯ ಮಾತು. ಯಾವ ಊರಿನಲ್ಲಾದರೂ ನೋಡಿರಿ, ಕ್ರಮ ಒಂದೇ. ಉದ್ಯಾನವನ್ನು ಸುಂದರಗೊಳಿಸುವುದಕ್ಕೆ ಹಣ ಮಂಜೂರಾಗುತ್ತದೆ. ನಡೆದಾಡುವ ದಾರಿಗೆ ಸಿಮೆಂಟಿನ ಕಲ್ಲು ಹಾಸಬೇಕು, ಕಾರಂಜಿ ಬೇಕು, ಕಮಾನು ಬೇಕು, ಎದುರಿಗೆ ನಾಲ್ಕು ಮಳಿಗೆ ಬೇಕು. ಇವುಗಳ ನಡುವೆ ಮರವೊಂದು ಅಡ್ಡ ಬರುತ್ತದೆ. ಆಗ ಅದನ್ನು ಕಡಿಯುತ್ತಾರೆ. ಕಡಿಯದಿದ್ದರೆ ಅದರ ಬುಡದವರೆಗೂ ಸಿಮೆಂಟು ತುಂಬುತ್ತಾರೆ. ಎರಡನೆಯದೂ ಕೊಲೆಯೇ, ತಡವಾಗಿ ಆಗುವ ಕೊಲೆ. ಬೇರಿಗೆ ನೀರೂ ಗಾಳಿಯೂ ಇಳಿಯದೆ ಮರವು ಕೆಲವು ವರ್ಷಗಳಲ್ಲಿ ಒಣಗಿ ಒಂದು ಗಾಳಿಗೆ ಉರುಳುತ್ತದೆ. ಉರುಳಿದ ಮೇಲೆ "ಮರಗಳು ಅಪಾಯಕರ" ಎಂದು ಉಳಿದವುಗಳನ್ನೂ ಕಡಿಯುವುದಕ್ಕೆ ಅದೇ ಸಾಕ್ಷಿಯಾಗುತ್ತದೆ. ದೆಹಲಿಯ ಮರಗಳ ಬುಡದಿಂದ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೩ರಲ್ಲಿಯೇ ಆಜ್ಞೆ ಮಾಡಿತು. ದೆಹಲಿಯ ಬೇವಿಗೆ ಬೇಕಾದ ಉಸಿರು ನಿಲಂಗಾದ ಬೇವಿಗೆ ಬೇಡವೇ?

"ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ" ಎಂಬುದು ಎಲ್ಲೆಡೆಯೂ ಕೇಳಿಬರುವ ಸಮಾಧಾನ. ಈ ಲೆಕ್ಕವು ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಮ್ಮ ಸೀಮೆಯವರಷ್ಟು ಚೆನ್ನಾಗಿ ಬೇರೆ ಯಾರೂ ಬಲ್ಲವರಲ್ಲ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಕಿಲ್ಲಾರಿ, ಸಾಸ್ತೂರು ಮೊದಲಾದ ಗ್ರಾಮಗಳನ್ನು ಭೂಕಂಪವು ನೆಲಸಮ ಮಾಡಿತು. ಸಾವಿರಾರು ಜನ ಮಡಿದರು. ಆ ಮೇಲೆ ಐವತ್ತಕ್ಕೂ ಹೆಚ್ಚು ಗ್ರಾಮಗಳನ್ನು ಹೊಸ ಬಯಲಿಗೆ ಸಾಗಿಸಿ ಮನೆ ಕಟ್ಟಿಕೊಟ್ಟರು. ಕಲ್ಲಿನ ಮನೆ ಹೋದವರಿಗೆ ಕೆಲವೇ ವರ್ಷಗಳಲ್ಲಿ ಸಿಮೆಂಟಿನ ಮನೆ ದೊರೆಯಿತು. ಆದರೆ ಹಳೆಯ ಊರ ಕಟ್ಟೆಯ ಮೇಲಿದ್ದ ನೆರಳು ಕೆಲವೇ ವರ್ಷಗಳಲ್ಲಿ ದೊರೆಯಿತೇ? ಹಣದಿಂದ ಗೋಡೆಯನ್ನು ಎಬ್ಬಿಸಬಹುದು. ಹಣದಿಂದ ಇಪ್ಪತ್ತು ವರ್ಷದ ಬೇವನ್ನು ಎಬ್ಬಿಸಲಾಗದು. ಅದಕ್ಕೆ ಇಪ್ಪತ್ತು ವರ್ಷವೇ ಬೇಕು. ನೆಟ್ಟ ಹತ್ತು ಸಸಿಗಳಲ್ಲಿ ಮೊದಲನೆಯ ಬೇಸಿಗೆಯನ್ನು ದಾಟುವುವು ಎಷ್ಟು ಎಂಬುದನ್ನು ನೀವೇ ಎಣಿಸಿಕೊಳ್ಳಿರಿ. ಸಸಿ ನೆಡುವುದು ಪುಣ್ಯದ ಕೆಲಸವೇ ಸರಿ. ಆದರೆ ಅದು ಕಡಿದ ಮರದ ಬೆಲೆಯಲ್ಲ.

ಈ ತಿಳಿವಳಿಕೆಯಿಂದಲೇ ಕನ್ನಡ ನಾಡಿನ ಜನ ಬೀದಿಗಿಳಿದ ಪ್ರಸಂಗಗಳುಂಟು. ೨೦೧೬ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟಬೇಕೆಂದು ಸರ್ಕಾರ ಹೊರಟಿತು. ೮೧೨ ಮರಗಳು ಅದಕ್ಕೆ ಬಲಿಯಾಗಬೇಕಾಗಿತ್ತು. ಅಕ್ಟೋಬರ್ ೧೬ರಂದು ಸಾವಿರಾರು ನಾಗರಿಕರು ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಅವರಲ್ಲಿ ಮುದುಕರಿದ್ದರು, ಶಾಲೆಯ ಮಕ್ಕಳಿದ್ದರು. ೨೦೧೭ರ ಮಾರ್ಚಿಯಲ್ಲಿ ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು. ಆದರೆ ಎಲ್ಲ ಸಲವೂ ಜಯ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಹೈದರಾಲಿಯ ಕಾಲದಲ್ಲಿ ಮೊದಲಾದ ಲಾಲ್‌ಬಾಗಿನ ಅಂಚನ್ನು ೨೦೦೯ರಲ್ಲಿ ಮೆಟ್ರೋ ರೈಲಿಗಾಗಿ ಕತ್ತರಿಸಿದಾಗ ಜನರ ಕೂಗು ಫಲಿಸಲಿಲ್ಲ. ಉದ್ಯಾನಗಳನ್ನು ಕಾಪಾಡುವುದಕ್ಕೆಂದೇ ೧೯೭೫ರಲ್ಲಿ ಮಾಡಿದ್ದ ಕಾನೂನೊಂದು ಅಲ್ಲಿತ್ತು. ಕಾನೂನು ಇದ್ದರೆ ಸಾಲದು, ಅದನ್ನು ಎಚ್ಚರದಿಂದ ಕಾಯುವ ಜನವೂ ಇರಬೇಕೆಂಬುದಕ್ಕೆ ಇದು ನಿದರ್ಶನ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಹೆಸರನ್ನು ನಮ್ಮ ಶಾಲೆಯ ಮಕ್ಕಳೆಲ್ಲ ಬಲ್ಲರು. ಹುಲಿಕಲ್ಲಿಗೂ ಕುದೂರಿಗೂ ನಡುವೆ ಅವರು ಪತಿಯೊಡನೆ ಕೊಡಗಳಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳು ೩೮೫ ಎಂದು ಹೇಳುತ್ತಾರೆ. ೨೦೨೫ರ ನವೆಂಬರ್ ೧೪ರಂದು ಅವರು ತೀರಿಕೊಂಡಾಗ ನಾಡೆಲ್ಲ ಕಂಬನಿ ಮಿಡಿಯಿತು. ಆದರೆ ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಬಂದ ವರ್ಷವೇ ಆ ಮರಗಳಿಗೂ ರಸ್ತೆ ಅಗಲ ಮಾಡುವವರಿಂದ ಭಯ ಬಂದಿತು. ನೂರು ದಾಟಿದ ಆ ತಾಯಿ ತಾನೇ ಮುಖ್ಯಮಂತ್ರಿಗಳ ಬಳಿಗೆ ಹೋಗಿ ತನ್ನ ಮರಗಳನ್ನು ಉಳಿಸಿಕೊಡಬೇಕೆಂದು ಬೇಡಿಕೊಳ್ಳಬೇಕಾಯಿತು. ನೆಟ್ಟವರನ್ನು ಸನ್ಮಾನಿಸುವ ಕೈಯೇ ನೆಟ್ಟುದನ್ನು ಕಡಿಯಲು ಗುರುತು ಹಾಕುತ್ತದೆಯಾದರೆ, ಸನ್ಮಾನದ ಶಾಲಿಗೆ ಏನು ಅರ್ಥ?

ಹತ್ತಿರದ ಇನ್ನೊಂದು ಉದಾಹರಣೆ ಹೈದರಾಬಾದಿನಿಂದ ವಿಜಾಪುರದ ಕಡೆಗೆ ಬರುವ ಹೆದ್ದಾರಿಯದು. ಚೇವೆಳ್ಳದ ಸುತ್ತಿನಲ್ಲಿ ಆ ದಾರಿಯ ಎರಡು ಮಗ್ಗುಲಿಗೂ ಸುಮಾರು ೯೦೦ ಹಳೆಯ ಆಲದ ಮರಗಳಿವೆ. ರಸ್ತೆಯನ್ನು ಅಗಲಗೊಳಿಸಲು ಅವು ಹೋಗಬೇಕೆಂದಾದಾಗ ಮರಗಳ ಮೇಲೆ ಪ್ರೀತಿಯುಳ್ಳ ಕೆಲವರು ಒಂದೊಂದು ಮರವನ್ನೂ ಎಣಿಸಿ, ಗುರುತಿಸಿ, ಹಸಿರು ನ್ಯಾಯಾಧಿಕರಣದವರೆಗೂ ಹೋದರು. ರಸ್ತೆಯ ನಕ್ಷೆಯನ್ನು ತಿದ್ದಿ ಬಹುಪಾಲು ಮರಗಳನ್ನು ಇದ್ದಲ್ಲಿಯೇ ಉಳಿಸುವ ಒಪ್ಪಂದಕ್ಕೆ ೨೦೨೫ರಲ್ಲಿ ಬಂದರು. ರಸ್ತೆಯೂ ಆಗುತ್ತದೆ, ಮರವೂ ಉಳಿಯುತ್ತದೆ. ಹೆದ್ದಾರಿಯ ನಕ್ಷೆಯೇ ಬದಲಾಗಬಹುದಾದರೆ, ಉದ್ಯಾನದೊಳಗಿನ ಕಾಲುದಾರಿ ಒಂದು ಬೇವಿನ ಮರವನ್ನು ಬಳಸಿಕೊಂಡು ಹೋಗಲಾರದೇ?

ಇನ್ನು ಪಂಪಿನ ಮಾತು. ಈ ಪ್ರಾಂತದ ಒಂದು ಊರಿನಲ್ಲಿ ನಾನು ಕಂಡ ಸಂಗತಿಯಿದು. ಊರಿನ ಹೆಸರು ಬೇಡ. ಆಗಸ್ಟ್ ೧೫ರ ಹಬ್ಬಕ್ಕೆ ಉದ್ಯಾನವನ್ನು ಚೊಕ್ಕಟಗೊಳಿಸಬೇಕಾಗಿತ್ತು. ಕೂಲಿಯಾಳುಗಳಿಂದ ಹುಲ್ಲು ಕೀಳಿಸುವ ಬದಲು ತಣನಾಶಕವೆಂದು ಪೇಟೆಯಲ್ಲಿ ಕರೆಯುವ ಕಳೆನಾಶಕವನ್ನು ಹೊಡೆಸಿದರು. ಪಂಪನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಹುಡುಗನ ಕಾಲಿಗೆ ಕೆರವಿರಲಿಲ್ಲ, ಮೋರೆಗೆ ಬಟ್ಟೆಯಿರಲಿಲ್ಲ. ಮಕ್ಕಳು ಬರಬಾರದೆಂದು ಒಂದು ಹಲಗೆಯನ್ನಾದರೂ ಯಾರೂ ನಿಲ್ಲಿಸಲಿಲ್ಲ. ಮರುದಿನ ಅದೇ ಹುಲ್ಲಿನ ಮೇಲೆ ಮಕ್ಕಳು ಉರುಳಾಡಿದರು. ಎಂಟು ಹತ್ತು ದಿನಗಳಲ್ಲಿ ನೆಲವೆಲ್ಲ ಬೆಂಕಿ ತಗಲಿದಂತೆ ಕಂದಿಹೋಯಿತು. ಗಣೇಶ ಚತುರ್ಥಿಗೆ ಗರಿಕೆ ಕೊಯ್ಯಲು ಬಂದ ಹೆಣ್ಣುಮಕ್ಕಳು ಬರಿಗೈಯಲ್ಲಿ ಹಿಂದಿರುಗಿದರು.

ಹೊಡೆಸಿದವರ ದೃಷ್ಟಿಯಲ್ಲಿ ಅದೆಲ್ಲ ಕಸ. ನಮ್ಮ ಹಿರಿಯರ ದೃಷ್ಟಿಯಲ್ಲಿ ಅದರೊಳಗೆ ಹತ್ತು ಹೆಸರುಗಳಿದ್ದವು. ಗರಿಕೆಯೂ ಉತ್ತರಾಣಿಯೂ ಗಣಪತಿಗೆ. ತುಂಬೆಯ ಹೂವು ಶಿವನಿಗೆ. ಎಕ್ಕೆಯ ಎಲೆ ಹನುಮಂತನಿಗೆ. ಹತ್ತರಕಿ, ಗೋಳಿ, ಕಿರಕಸಾಲಿ ಇವು ರೊಟ್ಟಿಯ ಜೊತೆಗೆ ಪಲ್ಯಕ್ಕೆ. ಭಾಷೆಯ ಉಪಾಧ್ಯಾಯನಾದ ನನಗೆ ಇಲ್ಲಿಯೇ ನೋವು ಹೆಚ್ಚು. ಕಣ್ಣೆದುರು ಗಿಡವಿಲ್ಲದೆ ಅದರ ಹೆಸರನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದರೇನು? ಇಂದು ಕನ್ನಡ ಮಾಧ್ಯಮದ ಮಗುವಿಗೆ ಉತ್ತರಾಣಿಯೆಂದರೆ ನಿಘಂಟಿನ ಒಂದು ಶಬ್ದ ಮಾತ್ರ. ಗಿಡವು ಹೋದಲ್ಲಿ ಅದರ ಹೆಸರೂ ಬಹುಕಾಲ ಬದುಕದು. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಬೇಕೆನ್ನುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ವಿಷದ ಕೆಲಸ ಹೇಗೆಂಬುದನ್ನು ಸ್ವಲ್ಪ ತಿಳಿಯೋಣ. ಹೆಚ್ಚಾಗಿ ಬಳಕೆಯಲ್ಲಿರುವುದು ಗ್ಲೈಫೋಸೇಟ್. ಎಲೆಯ ಮೇಲೆ ಬಿದ್ದ ಈ ದ್ರವವು ಒಳಕ್ಕಿಳಿದು ಬೇರಿನವರೆಗೂ ಹೋಗುತ್ತದೆ. ಗಿಡವು ತನ್ನ ಮೈಗೆ ಬೇಕಾದ ಸತ್ವಗಳನ್ನು ತಯಾರಿಸಿಕೊಳ್ಳುವ ದಾರಿಯನ್ನು ಕಟ್ಟಿಹಾಕುತ್ತದೆ. ಅದಕ್ಕೆ ಗರಿಕೆಯೆಂದೂ ಮುಳ್ಳೆಂದೂ ಭೇದವಿಲ್ಲ. ಗಾಳಿ ಬೀಸಿದರೆ ಪಕ್ಕದ ಹೂಗಿಡಕ್ಕೂ ಎಳೆಯ ಸಸಿಗೂ ಅದೇ ಗತಿ. ಗಿಡದಲ್ಲಿರುವ ಆ ದಾರಿಯು ಮಣ್ಣಿನ ಅನೇಕ ಸೂಕ್ಷ್ಮಜೀವಿಗಳಲ್ಲಿಯೂ ಇರುವುದರಿಂದ ನೆಲದೊಳಗಿನ ಬದುಕಿಗೂ ಅದು ಕೈಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದರೋಗ ಸಂಶೋಧನಾ ಶಾಖೆಯು ೨೦೧೫ರಲ್ಲಿ ಇದನ್ನು ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡುವ ಸಂಭವವಿರುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಅಮೆರಿಕದ ಪರಿಸರ ಇಲಾಖೆ ಈ ಅಭಿಪ್ರಾಯವನ್ನು ಒಪ್ಪಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೂ ಆ ದೇಶದಲ್ಲಿಯೇ ಶಾಲೆಗಳ ಮೈದಾನಕ್ಕೆ ಕಳೆನಾಶಕವನ್ನು ಹೊಡೆಯುತ್ತಿದ್ದ ಕೆಲಸಗಾರನೊಬ್ಬನು ರೋಗಕ್ಕೆ ತುತ್ತಾಗಿ ನ್ಯಾಯಾಲಯಕ್ಕೆ ಹೋದಾಗ, ೨೦೧೮ರಲ್ಲಿ ಪಂಚರು ತಯಾರಕರ ವಿರುದ್ಧವೇ ತೀರ್ಪಿತ್ತರು. ನಮ್ಮ ಕೇಂದ್ರ ಸರ್ಕಾರವೂ ೨೦೨೨ರ ಅಕ್ಟೋಬರ್‌ನಲ್ಲಿ, ತರಬೇತಿ ಪಡೆದ ಕೀಟನಿಯಂತ್ರಕರಲ್ಲದೆ ಇತರರು ಇದನ್ನು ಬಳಸಬಾರದೆಂದು ಆಜ್ಞೆ ಹೊರಡಿಸಿತು. ವಿದ್ವಾಂಸರಲ್ಲಿಯೇ ಇನ್ನೂ ವಾದವಿರುವಾಗ, ಆ ಪರೀಕ್ಷೆಯನ್ನು ನಮ್ಮ ಮಕ್ಕಳ ಮೊಣಕಾಲಿನ ಮೇಲೆ ಮಾಡುವುದು ಸಲ್ಲದು. ಫ್ರಾನ್ಸ್ ದೇಶವು ೨೦೧೭ರ ಜನವರಿ ೧ರಿಂದ ಸಾರ್ವಜನಿಕ ಉದ್ಯಾನಗಳಲ್ಲಿ ಸರ್ಕಾರಿ ಸಂಸ್ಥೆಗಳು ರಾಸಾಯನಿಕ ಕಳೆನಾಶಕಗಳನ್ನು ಬಳಸದಂತೆ ಕಾನೂನು ಮಾಡಿತು. ಅಲ್ಲಿಯ ಉದ್ಯಾನಗಳು ಅದರಿಂದ ಹಾಳಾಗಲಿಲ್ಲ.

ಸಿಂಪಡಿಸಿದ ವಿಷವು ಮನುಷ್ಯನಿಗೆ ಏನು ಮಾಡಬಲ್ಲದೆಂಬುದಕ್ಕೆ ನಮ್ಮಂತೆಯೇ ಗಡಿಯ ಆಚೆ ಉಳಿದ ಕನ್ನಡಿಗರು ಸಾಕ್ಷಿಯಾಗಿದ್ದಾರೆ. ಕಾಸರಗೋಡಿನ ಎಣ್ಮಕಜೆ, ಪಡ್ರೆ ಮೊದಲಾದ ಗ್ರಾಮಗಳ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ, ೨೦೦೦ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಕಳೆನಾಶಕವಲ್ಲ, ಕೀಟನಾಶಕ. ಆದರೂ ಪಾಠ ಒಂದೇ. ತೋಟದ ನಡುವೆ ಮನೆಗಳಿದ್ದವು, ಬಾವಿಗಳಿದ್ದವು, ಶಾಲೆಗಳಿದ್ದವು. ಅಂಗವಿಕಲರಾಗಿ ಹುಟ್ಟಿದ ಮಕ್ಕಳನ್ನು ಕಂಡು ಅಲ್ಲಿಯ ವೈದ್ಯರೂ ಪತ್ರಕರ್ತರೂ ತಾಯಂದಿರೂ ವರ್ಷಾನುವರ್ಷ ಮೊರೆಯಿಟ್ಟರು. ಕಟ್ಟಕಡೆಗೆ ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದನ್ನು ನಿಷೇಧಿಸಿತು. ೨೦೧೭ರಲ್ಲಿ ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ನಮ್ಮ ರಾಜ್ಯದ ಯವತಮಾಳ ಜಿಲ್ಲೆಯಲ್ಲಿ ೨೦೧೭ರಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ರೈತರೂ ಕೂಲಿಗಳೂ ಸತ್ತರು. ಹೊಲದಲ್ಲಿ ಬೆಳೆಯನ್ನು ಉಳಿಸಿಕೊಳ್ಳುವ ಅನಿವಾರ್ಯವಾದರೂ ಇದೆಯೆಂದು ಹೇಳಬಹುದು. ಉದ್ಯಾನದಲ್ಲಿ ಯಾವ ಬೆಳೆಯನ್ನು ಉಳಿಸಲು ಈ ವಿಷ?

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಕೇಳಿದ್ದೇನೆ. ಹುಲ್ಲು ಬೆಳೆದರೆ ಹಾವು ಸೇರುತ್ತದೆ ಎನ್ನುತ್ತಾರೆ. ನಿಜ; ಅದಕ್ಕಾಗಿ ದಾರಿಯ ಅಂಚನ್ನೂ ಮಕ್ಕಳ ಆಟದ ಜಾಗವನ್ನೂ ಕುಡುಗೋಲಿನಿಂದ ಸವರಿದರೆ ಸಾಕು. ಕಾಂಗ್ರೆಸ್ ಕಸವು ಎಲ್ಲೆಡೆ ಹಬ್ಬುತ್ತದೆ ಎನ್ನುತ್ತಾರೆ. ಅದೂ ನಿಜ, ಅದು ಮೈಗೆ ತುರಿಕೆಯನ್ನೂ ಉಬ್ಬಸವನ್ನೂ ತರುವ ಹೊರದೇಶದ ಕಳೆ. ಆದರೆ ಮಳೆಗಾಲದಲ್ಲಿ ನೆಲ ಹಸಿಯಾಗಿರುವಾಗ, ಹೂ ಬಿಡುವುದಕ್ಕೆ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು ಬೇರುಸಹಿತ ಕಿತ್ತರೆ ಮುಂದಿನ ವರ್ಷದ ಬೀಜವೇ ಇಲ್ಲವಾಗುತ್ತದೆ. ಅದನ್ನೇ ತಿಂದು ಬದುಕುವ ಮೆಕ್ಸಿಕೋ ದೇಶದ ಒಂದು ಜೀರುಂಡೆಯನ್ನು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಅದು ಇಂದು ದೇಶದ ಅನೇಕ ಕಡೆಗಳಲ್ಲಿ ಹರಡಿಕೊಂಡಿದೆ. ತಗಚೆಯ ಗಿಡ ದಟ್ಟವಾಗಿರುವೆಡೆ ಆ ಕಸವು ಸೊರಗುತ್ತದೆ. ಪಂಪು ಹೊಡೆದರೆ ತಗಚೆಯೂ ಸಾಯುತ್ತದೆ, ಬರಿದಾದ ನೆಲಕ್ಕೆ ಮೊದಲು ಬರುವುದು ಮತ್ತೆ ಆ ಕಸವೇ. ಆಳಿನ ಖರ್ಚು ಹೆಚ್ಚು ಎನ್ನುತ್ತಾರೆ. ಕುರುಪಿ ಹಿಡಿದು ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ದೊರೆಯುವ ಕೂಲಿ ಊರಿನಲ್ಲಿಯೇ ಉಳಿಯುತ್ತದೆ. ವಿಷಕ್ಕೆ ಕೊಟ್ಟ ಹಣ ಊರನ್ನು ಬಿಟ್ಟು ಹೋಗುತ್ತದೆ. ಇನ್ನು ಒಣಗಿ ಬೀಳುವಂತಿರುವ ಮರವನ್ನು ಕಡಿಯಬಾರದೆಂದು ಯಾರೂ ಹೇಳುವುದಿಲ್ಲ. ಅದು ಒಣಗಿದೆಯೆಂಬುದನ್ನು ಬಲ್ಲವರು ನೋಡಿ ಬರೆದುಕೊಡಲಿ ಎಂಬುದಷ್ಟೇ ನಮ್ಮ ಕೇಳಿಕೆ.

ಹಾಗೆ ಕೇಳುವ ಅಧಿಕಾರ ನಮಗುಂಟು. ಮಹಾರಾಷ್ಟ್ರದ ನಗರ ಪ್ರದೇಶಗಳ ವೃಕ್ಷ ಸಂರಕ್ಷಣೆಗೆ ೧೯೭೫ರಲ್ಲಿಯೇ ಕಾನೂನು ಬಂದಿದೆ. ಅನುಮತಿಯಿಲ್ಲದೆ ಮರ ಕಡಿಯಲಾಗದು. ಅನುಮತಿ ಕೊಡುವುದಕ್ಕೆ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಆ ಮರದ ಮೇಲೆಯೇ ನೋಟೀಸು ಅಂಟಿಸಬೇಕು, ಜನರ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಐದು ವರ್ಷಕ್ಕೊಮ್ಮೆ ಮರಗಳ ಗಣತಿಯಾಗಬೇಕು. ೨೦೨೧ರ ತಿದ್ದುಪಡಿಯಂತೆ ಐವತ್ತು ವರ್ಷ ತುಂಬಿದ ಮರವು ಪಾರಂಪರಿಕ ವೃಕ್ಷ. ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಸಿಗಳನ್ನು ನೆಟ್ಟು ಏಳು ವರ್ಷ ಸಾಕಬೇಕು. ನೋಟೀಸು ಮರಾಠಿಯಲ್ಲಿರುತ್ತದೆ. ನಮ್ಮ ಮನೆಗಳ ಹಿರಿಯರಲ್ಲಿ ಹಲವರು ಅದನ್ನು ಓದಲಾರದೆ ಮುಂದೆ ಹೋಗುತ್ತಾರೆ. ನಮ್ಮ ಮಕ್ಕಳಾದರೋ ಶಾಲೆಯಲ್ಲಿ ಮರಾಠಿಯನ್ನು ಕಲಿಯುತ್ತಿದ್ದಾರೆ. ಅವರು ಓದಿ ಹೇಳಲಿ. ಹಿರಿಯರು ಸಹಿ ಮಾಡಲಿ.

ಇಲ್ಲಿಯೇ ನಾನು ಮೊದಲು ಹೇಳಿದ ಸಂಬಂಧವಿರುವುದು. ಅಲ್ಪಸಂಖ್ಯಾತರಾದ ನಾವು ಪುರಸಭೆಯ ಕೆಲಸವೆಂದರೆ ಅದು ಇತರರದೆಂದು ಸುಮ್ಮನಿರುವ ಅಭ್ಯಾಸ ಮಾಡಿಕೊಂಡಿದ್ದೇವೆ. ಶಾಲೆಗಾಗಿ, ಪಠ್ಯಪುಸ್ತಕಕ್ಕಾಗಿ ಮಾತ್ರ ಬಾಯಿ ತೆರೆಯುತ್ತೇವೆ. ನಾವು ಈ ಊರುಗಳಿಗೆ ಬಂದ ಅತಿಥಿಗಳಲ್ಲ, ಊರವರು. ಊರ ತೋಟದ ಮರಕ್ಕಾಗಿ ಮರಾಠಿಯವರೊಡನೆಯೂ ಉರ್ದುವಿನವರೊಡನೆಯೂ ನಿಂತು ಮಾತನಾಡುವ ದಿನ, ನಮ್ಮ ಶಾಲೆಯ ಮಾತನ್ನೂ ಅವರು ಬೇರೊಂದು ಕಿವಿಯಿಂದ ಕೇಳುವರು.

ಆದುದರಿಂದ ಸಂಘದ ಮುಂದೆ ನಾಲ್ಕು ಸಲಹೆಗಳನ್ನಿಡುತ್ತೇನೆ. ಒಂದು, ಮೂರು ಊರುಗಳ ಉದ್ಯಾನಗಳ ಮರಗಳನ್ನು ನಮ್ಮ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಎಣಿಸಿ, ಕನ್ನಡ ಮರಾಠಿ ಎರಡು ಹೆಸರುಗಳನ್ನೂ ಬುಡದ ಸುತ್ತಳತೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಎಣಿಸದ ಮರ ಕಾಣೆಯಾದರೆ ಕೇಳುವವರಿಲ್ಲ. ಎರಡು, ಉದ್ಯಾನದಲ್ಲಿಯೂ ಶಾಲೆಯ ಅಂಗಳದಲ್ಲಿಯೂ ಕಳೆನಾಶಕವನ್ನು ಹೊಡೆಯಬಾರದೆಂದು ಪುರಸಭೆಗೆ ಬರವಣಿಗೆಯಲ್ಲಿ ಕೇಳೋಣ. ಎಲ್ಲಿ ಹೊಡೆದರೂ ಹಲಗೆ ಹಾಕಬೇಕೆಂದೂ ಕೇಳೋಣ. ಮೂರು, ಶ್ರಾವಣದ ಒಂದು ರವಿವಾರ ನಾವೇ ಕುರುಪಿ ಹಿಡಿದು ಹೋಗಿ ಕಾಂಗ್ರೆಸ್ ಕಸವನ್ನು ಕಿತ್ತು, ಗರಿಕೆ ತುಂಬೆಗಳನ್ನು ಬಿಟ್ಟು ಬರೋಣ. ನಾಲ್ಕು, ಮರದ ಮೇಲೆ ನೋಟೀಸು ಕಂಡ ದಿನವೇ ಸಂಘಕ್ಕೆ ತಿಳಿಸುವ ಹೊಣೆಯನ್ನು ಓಣಿಗೊಬ್ಬರು ಹೊರಲಿ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ಕಡಿದ ಮೇಲೆ ಅಳುವುದಕ್ಕಿಂತ ಕಡಿಯುವ ಮೊದಲು ಕೇಳುವುದು ಲೇಸು. ಮುಂದಿನ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ನನ್ನ ಭಾಷಣದ ಬದಲು ಮಕ್ಕಳು ಬರೆದ ಆ ಮರಗಳ ಪಟ್ಟಿಯು ಅಚ್ಚಾದರೆ ನನಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.